ಮಾಮೂಲಿ ಪೆಟ್ರೋಲು

ರಾವಂದೂರಿನಿಂದ ಒಳದಾರಿ ಹಿಡಿದು ಬಂದವರು ನಟರಾಜುವಿನ ಮನೆ ಯಾವುದೆಂದು ಕೇಳಿದರೆ ಊರವರು ತೋರಿಸುತ್ತಿದ್ದದ್ದು ತಗಡಿನ ಶೆಡ್ಡನ್ನು. ಅದರೊಳಗೆ ಹಳೆಯದೊಂದು ಕೆಂಪು ಕಾರು ನಿಂತಿರುತ್ತಿತ್ತು. ಹೊಗೆಸೊಪ್ಪಿನ ಕೆಲಸ ಮುಗಿದ ತಿಂಗಳುಗಳಲ್ಲಿ ಹುಣಸೂರಿನ ಕಡೆ, ಕೊಡಗಿನ ಕಡೆ, ಕುಯ್ಲಾದ ಹೊಲಗಳಲ್ಲಿ ಮಣ್ಣಿನ ಟ್ರ್ಯಾಕ್ ಮಾಡಿ ಕಾರ್ ರೇಸ್ ನಡೆಸುತ್ತಾರಲ್ಲ, ನಟರಾಜು ಅದರ ಹುಚ್ಚು ಹಿಡಿಸಿಕೊಂಡವನು. ಗೆದ್ದ ಕಪ್ಪುಗಳು ದೇವರ ಗೂಡಿನ ಪಕ್ಕದಲ್ಲೇ ಸಾಲಾಗಿ ಕೂತಿದ್ದವು. ಅವನ ತಾಯಿ ತಿಮ್ಮಮ್ಮ ದೇವರ ಸಾಮಾನಿನ ಜೊತೆ ಅವನ್ನೂ ಹುಣಸೆಹಣ್ಣು ಹಚ್ಚಿ ಬೆಳಗಿಡುತ್ತಿದ್ದಳು.

ಆ ಕಾರಿನ ಇಂಜಿನ್ನು ಕಂಪನಿಯಿಂದ ಬಂದಂತೆ ಇರಲಿಲ್ಲ. ಒಳಗೆ ಪೆಟ್ರೋಲು ಬೆರೆತ ಗಾಳಿಯನ್ನು ಬೇರೆ ಕಾರುಗಳಿಗಿಂತ ಬಿಗಿಯಾಗಿ ಒತ್ತಿ ಹಿಂಡುವ ಹಾಗೆ ನಟರಾಜು ಅದನ್ನು ಬಿಚ್ಚಿಸಿ ಮಾಡಿಸಿದ್ದ. ಒತ್ತಡ ಹೆಚ್ಚಿದಷ್ಟೂ ಓಟ ಹೆಚ್ಚು. ಆದರೆ ಆ ಒತ್ತಡ ತಡೆದುಕೊಳ್ಳುವ, ಆಕ್ಟೇನ್ ಹೆಚ್ಚಿರುವ ಪೆಟ್ರೋಲೇ ಅದಕ್ಕೆ ಬೇಕು. ಅದನ್ನವನು ಮೈಸೂರಿನಿಂದ ಕ್ಯಾನಿನಲ್ಲಿ ತರುತ್ತಿದ್ದ. ಮಾಮೂಲಿ ಪೆಟ್ರೋಲು ಹಾಕಿ ತುಳಿದರೆ ಅದು ತನ್ನ ಹೊತ್ತಿಗೆ ಮೊದಲೇ ಸಿಡಿದು ಪಿಸ್ಟನ್ನಿನ ನೆತ್ತಿಗೇ ಹೊಡೆಯುತ್ತದೆ. ಆಗ ಸ್ಟೀಲ್ ಡಬ್ಬಿಯಲ್ಲಿ ಬೆಣಚುಕಲ್ಲು ಹಾಕಿ ಅಲ್ಲಾಡಿಸಿದಂಥ ಸದ್ದು ಬರುತ್ತದೆ. ನಾಕಿಂಗ್ ಎನ್ನುತ್ತಾರೆ.

ಇದೆಲ್ಲ ಅವನ ಹೆಂಡತಿ ಬೃಂದಾಗೂ ಗೊತ್ತಿತ್ತು. ಸಾಲಿಗ್ರಾಮದ ಹುಡುಗಿ, ಮದುವೆಯಾದ ಹೊಸತರಲ್ಲಿ ಗಂಡನ ಪಕ್ಕ ಕೂತು ರೇಸಿನ ಜಾಗಗಳಿಗೆಲ್ಲ ಹೋಗಿದ್ದಳು, ಕಾರು ಓಡಿಸುವುದನ್ನೂ ಅವನಿಂದಲೇ ಕಲಿತಿದ್ದಳು. ಒಂದು ಸಲ ಹುಣಸೂರಿನಿಂದ ವಾಪಸ್ಸು ಬರುವಾಗ ಕ್ಯಾನು ಖಾಲಿಯಾಗಿ ಬಂಕಿನ ಪೆಟ್ರೋಲೇ ಹಾಕಿಸಬೇಕಾಯಿತು. ಕೈ ಉಳುಕಿಸಿಕೊಂಡಿದ್ದ ನಟರಾಜು ಸ್ಟಿಯರಿಂಗನ್ನು ಅವಳಿಗೆ ಕೊಟ್ಟಿದ್ದ. ಏರು ಬರುವ ಮೊದಲೇ ಗೇರು ಇಳಿಸಿ, ಆಕ್ಸಿಲರೇಟರನ್ನು ಬೆರಳಲ್ಲಿ ಮುಟ್ಟಿದಷ್ಟೇ ಮುಟ್ಟಿ, ಸದ್ದು ಬಂದ ಕೂಡಲೇ ಕಾಲು ಎತ್ತಿ, ಅವಳು ಕಾರನ್ನು ಊರು ಮುಟ್ಟಿಸಿದ್ದಳು. ಇಂಜಿನ್ನಿಗೆ ಏನೂ ಆಗಿರಲಿಲ್ಲ.

ತಿಮ್ಮಮ್ಮನಿಗೆ ಹಾವು ಕಚ್ಚಿದ್ದು ಸೊಪ್ಪು ಕೀಳುವ ಕಾಲದಲ್ಲಿ, ಮಧ್ಯಾಹ್ನ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಮುಂದೆ ರಾಶಿ ಹಾಕಿದ್ದ ಹಸಿ ಸೊಪ್ಪಿಗೆ ಕೈ ಹಾಕಿದಳು, ಕೈ ಹಿಂದಕ್ಕೆಳೆದುಕೊಂಡಳು. ನಾಗರಹಾವು ಸೊಪ್ಪಿನಡಿಯಿಂದ ಸರಿದು ಹೋದದ್ದನ್ನು ಗಂಡ ಕುಳ್ಳಯ್ಯ ಕಣ್ಣಾರೆ ನೋಡಿದ. ಊರಿನ ಎರಡು ಜೀಪುಗಳೂ ಅವತ್ತು ಕೆ.ಆರ್. ನಗರದ ಮದುವೆಗೆ ಹೋಗಿದ್ದವು. ಆಂಬುಲೆನ್ಸು ಪಿರಿಯಾಪಟ್ಟಣದ ಆಸ್ಪತ್ರೆಯಿಂದ ಬಂದು ಮತ್ತೆ ಅಲ್ಲಿಗೇ ಹೋಗಬೇಕು, ಅದಕ್ಕಿಂತ ನಾವೇ ಹೊರಡುವುದು ಬೇಗ ಎಂದು ಬೃಂದಾಗೆ ತೋಚಿತು. ನಟರಾಜು ಗೊಬ್ಬರ ತರಲು ಬೈಕಿನಲ್ಲಿ ರಾವಂದೂರಿಗೆ ಹೋಗಿದ್ದ. ಫೋನ್ ಮಾಡಿದಳು. ಕಾರಿನ ಟ್ಯಾಂಕು ಬರಿದಾಗಿದೆ, ಕ್ಯಾನಿನಲ್ಲೂ ಇಲ್ಲ ಎಂದಳು.

"ಚಿಕ್ಕಬೀರಮ್ಮನ ಅಂಗ್ಡೀಲಿ ಬಾಟ್ಲಿ ಪೆಟ್ರೋಲ್ ಸಿಗ್ತದೆ. ಅದ್ನೇ ಉಯ್ಯಿ. ಬಂದೆ," ಎಂದ ನಟರಾಜು.

"ಮಾಮೂಲಿದು ಕಣ್ರೀ ಅದು."

"ಗೊತ್ತು ಕಣೆ. ಉಯ್ಯಿ."

ಅವಳು ಓಡಿಹೋಗಿ ಇದ್ದಷ್ಟು ಬಾಟಲಿ ತಂದು ಸುರಿದಳು. ಕಾರು ಹಗುರಾಗಲೆಂದು ನಟರಾಜು ಹಿಂದಿನ ಸೀಟು ಕಿತ್ತು ಹಾಕಿದ್ದ. ಬರಿಯ ತಗಡಿನ ಮೇಲೆ ಕಂಬಳಿ ಹಾಸಿ ತಿಮ್ಮಮ್ಮನನ್ನು ಮಲಗಿಸಿದರು. ಕುಳ್ಳಯ್ಯ ಕಾಲು ಮಡಿಸಿ ಕೂತು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಬೃಂದಾ ಡ್ರೈವರ್ ಸೀಟಿನಲ್ಲಿ ಕೂತು ಕಾರನ್ನು ಶೆಡ್ಡಿನಿಂದ ಹೊರಗೆ ತಂದಿದ್ದಳಷ್ಟೆ. ನಟರಾಜುವಿನ ಬೈಕು ಬಂತು. ಅದನ್ನು ಸ್ಟ್ಯಾಂಡೂ ಹಾಕದೆ ಬೇಲಿಗೆ ಒರಗಿಸಿ ಬಂದವನು, ಅವಳನ್ನು ಪಕ್ಕಕ್ಕೆ ಸರಿಯುವಂತೆ ಹೇಳಿ ಸ್ಟಿಯರಿಂಗ್ ಹಿಡಿದ. ಅವಳು ಸರಿದುಕೊಂಡಳು. ಆಮೇಲಿನ ದಿನಗಳಲ್ಲಿ ಅವಳು ಬೇರೆಲ್ಲದಕ್ಕಿಂತ ಹೆಚ್ಚಾಗಿ ನೆನೆದದ್ದು ಈ ಸರಿದದ್ದನ್ನು.

ಮೊದಲ ತಿರುವಿನಲ್ಲೇ ಸದ್ದು ಶುರುವಾಯಿತು. ನಟರಾಜುವಿನ ಕಾಲು ಪೂರಾ ಕೆಳಗಿತ್ತು. ಹಿಂದೆ ತಿಮ್ಮಮ್ಮನ ರೆಪ್ಪೆಗಳು ಜೋತುಬೀಳುತ್ತಿದ್ದವು. ನಿದ್ದೆ ಬರುತ್ತೆ ಎಂದಳು, ಆ ಮಾತೂ ನಾಲಿಗೆ ದಪ್ಪಗಾದವರ ಮಾತಿನಂತೆ ಕೇಳಿಸಿತು. ಮಲಗಬೇಡ, ನನ್ನ ನೋಡು ಎಂದು ಕುಳ್ಳಯ್ಯ ಅವಳ ಕೆನ್ನೆ ತಟ್ಟುತ್ತಲೇ ಇದ್ದ.

"ಕಾಲೆತ್ತಿ. ಇಂಗೆ ತುಳಿದ್ರೆ ಪಿಸ್ಟನ್ ಹೋಗುತ್ತೆ," ಎಂದಳು ಬೃಂದಾ. "ಮೆಲ್ಲಗೆ ಹೋದ್ರೂ ಮುಟ್ತೀವಿ."

"ಸುಮ್ಕಿರು. ಅವ್ವನ ಮಕ ನೋಡು."

ಇನ್ನೊಂದು ಸಲ ಹೇಳಿದಳು. ಅವನ ಕಾಲು ಕದಲಲಿಲ್ಲ. ಅವನ ಕಿವಿಗೆ ಆ ಸದ್ದು ಬೀಳುತ್ತಿರಲಿಲ್ಲವೆಂದಲ್ಲ. ಇಡೀ ತಾಲೂಕಿನಲ್ಲಿ ಆ ಸದ್ದಿನ ಅರ್ಥ ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದರೆ ಹೆತ್ತ ತಾಯಿ ಹಿಂದೆ ಉಸಿರಿಗೆ ಒದ್ದಾಡುತ್ತಿರುವಾಗ ಕಾಲು ಎತ್ತುವುದು ಅವನಿಂದಾಗಲಿಲ್ಲ. ದಾರಿ ಏರಲು ಶುರುವಾದಾಗ ಕಲ್ಲಿನ ಸದ್ದು ಸುತ್ತಿಗೆಯ ಸದ್ದಾಯಿತು. ಏರಿನ ನಡುವೆ ಒಂದು ಏಟು ಬಿತ್ತು, ಕಾರು ಅದುರಿತು, ಹಿಂದೆ ದಟ್ಟ ಹೊಗೆ ಎದ್ದಿತು. ಸುಟ್ಟ ಆಯಿಲಿನ ವಾಸನೆಯಲ್ಲಿ ಕಾರು ತಾನಾಗಿ ನಿಧಾನವಾಗುತ್ತ ಬಂದು ಒಂದು ಬೇವಿನ ಮರದ ಹತ್ತಿರ ನಿಂತಿತು.

ಎರಡೂ ಕಡೆ ಹೊಗೆಸೊಪ್ಪಿನ ಹೊಲ. ಆಚೆ ಈಚೆ ಒಂದು ಮನೆಯಿಲ್ಲ. ನಟರಾಜು ಇಳಿದು ಬಾನೆಟ್ ಎತ್ತಿದ, ಸುಮ್ಮನೆ ಮುಚ್ಚಿದ, ರಸ್ತೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡಿದ. ಬೃಂದಾ ಆಂಬುಲೆನ್ಸಿಗೆ ಫೋನ್ ಮಾಡಿ ಜಾಗ ತಿಳಿಸಿದಳು. ಎರಡು ಬೈಕು ಬಂದವು, ನಿಂತವು. ಕೂರಲಾಗದವಳನ್ನು ಬೈಕಿನಲ್ಲಿ ಹೇಗೆ ಒಯ್ಯುವುದು? ಕೊನೆಗೆ ಆಂಬುಲೆನ್ಸಿಗಿಂತ ಮೊದಲು ಶುಂಠಿ ಮೂಟೆ ಹೇರಿದ್ದ ಟೆಂಪೊ ಒಂದು ಬಂತು. ಡ್ರೈವರು ಮೂಟೆಗಳನ್ನು ರಸ್ತೆ ಬದಿಗೆ ಉರುಳಿಸಿ ಜಾಗ ಮಾಡಿಕೊಟ್ಟ. ಅಷ್ಟರಲ್ಲಿ ತಿಮ್ಮಮ್ಮನ ಎದೆ ಏಳುವುದು ಕಣ್ಣಿಟ್ಟು ನೋಡಿದರೆ ಮಾತ್ರ ಕಾಣುವಷ್ಟಾಗಿತ್ತು. ಪಿರಿಯಾಪಟ್ಟಣದ ಹೊರಗಿನ ರೈಸ್‌ಮಿಲ್ಲು ದಾಟುವಾಗ ಅದೂ ನಿಂತಿತು.

ಡಾಕ್ಟರು ಕೈಲಾದದ್ದೆಲ್ಲ ಮಾಡಿದರು. ಆಮೇಲೆ ಹೊರಗೆ ಬಂದು, ಉಸಿರು ನಿಲ್ಲುವ ಮೊದಲು ತಂದಿದ್ದರೆ ಉಳಿಸಿಕೊಳ್ಳಬಹುದಿತ್ತೇನೋ ಎಂದರು. ಯಾರನ್ನೂ ದೂರಿ ಹೇಳಿದ ಮಾತಲ್ಲ ಅದು. ಆದರೆ ಮಾತು ಅಲ್ಲಿಂದಲೇ ಊರಿಗೆ ಬಂತು. ಯಾಕೆ ತಡವಾಯಿತು ಎಂದು ಕೇಳಿದವರಿಗೆ ಕಾರು ಕೆಟ್ಟಿತು ಎಂಬ ಉತ್ತರ ಸಿಕ್ಕಿತು. ಯಾಕೆ ಕೆಟ್ಟಿತು ಎಂದು ಕೇಳಿದವರಿಗೆ ಚಿಕ್ಕಬೀರಮ್ಮ ತಾನು ಕಂಡದ್ದನ್ನು ಹೇಳಿದಳು: ಬೃಂದಾ ಬಂದು ಬಾಟಲಿ ಪೆಟ್ರೋಲು ಒಯ್ದಳು. ರೇಸ್ ಕಾರಿಗೆ ಸಿಕ್ಕಿದ ಪೆಟ್ರೋಲು ಹುಯ್ಯಬಾರದೆಂಬುದು ಊರಿನ ಹೈಕಳಿಗೆಲ್ಲ ಗೊತ್ತಿದ್ದ ಸಂಗತಿ. ಮಣ್ಣು ಮುಗಿಸಿ ಬರುವ ಹೊತ್ತಿಗೆ ಸೊಸೆ ಹುಯ್ದ ಪೆಟ್ರೋಲಿನಿಂದ ಅತ್ತೆ ಸತ್ತಳು ಎಂಬುದು ತೀರ್ಮಾನವಾಗಿಹೋಗಿತ್ತು.

ಎಚ್.ಡಿ. ಕೋಟೆಗೆ ಮದುವೆಯಾಗಿ ಹೋಗಿದ್ದ ನಾದಿನಿ ಮೀನಾ ಬಂದವಳು ಬೃಂದಾ ಕೊಟ್ಟ ಕಾಫಿ ಲೋಟ ಮುಟ್ಟಲಿಲ್ಲ. ಅಣ್ಣನಿಗೆ ಒಂದು ಫೋನ್ ಮಾಡಿ ಕೇಳಿದ್ದರೂ ಆಗುತ್ತಿತ್ತಲ್ಲ ಅತ್ತಿಗೆ, ಎಂದಷ್ಟೇ ಅಂದಳು. ನಟರಾಜು ಕಂಬಕ್ಕೆ ಒರಗಿ ಕೂತಿದ್ದ. ಅವನು ಆ ಮಾತು ಕೇಳಿಸಿಕೊಂಡ, ಬಾಯಿ ತೆರೆಯಲಿಲ್ಲ. ಅವನು ಹೇಳುತ್ತಾನೆ, ಇವತ್ತಲ್ಲದಿದ್ದರೆ ನಾಳೆ ಹೇಳುತ್ತಾನೆ ಎಂದು ಬೃಂದಾ ತಿಥಿಯವರೆಗೂ ಕಾದಳು. ತಿಥಿಗೆ ಬಂದ ನೆಂಟರು ಅವಳು ಬಡಿಸಲು ಬಂದಾಗ ಮಾತು ನಿಲ್ಲಿಸುತ್ತಿದ್ದರು.

ನೆಂಟರೆಲ್ಲ ಹೋದ ಮೇಲೆ ಕುಳ್ಳಯ್ಯ ಅವಳನ್ನು ಬ್ಯಾರನ್ನಿನ ಹತ್ತಿರ ಕರೆದ. ಮೆಲ್ಲನೆ ಹೇಳಿದ.

"ನೀನು ಮೆಲ್ಲಗೆ ಓಗು ಅಂದಿದ್ದು ನನ್ ಕಿವಿಗೆ ಬಿದ್ದದೆ ಕಣವ್ವ. ಎರಡ್ ಸಲ ಅಂದೆ. ಆದ್ರೆ ಅವ್ನು ತಡ್ಕಳಕಿಲ್ಲ. ನೀನು ತಡ್ಕತೀಯ. ಜನ ಅಂದ್ಕಂಡಂಗೇ ಇರ್ಲಿ ಬುಡು."

ಬೃಂದಾಗೆ ಅಳು ಬರಲಿಲ್ಲ. ಒಬ್ಬರಾದರೂ ಕೇಳಿಸಿಕೊಂಡಿದ್ದರು ಎಂಬ ಸಮಾಧಾನವೂ, ಕೇಳಿಸಿಕೊಂಡೂ ಇಷ್ಟು ದಿನ ಸುಮ್ಮನಿದ್ದರು ಎಂಬ ಸಂಕಟವೂ ಒಟ್ಟಿಗೇ ಬಂದವು. ನಾನೂ ತಡ್ಕೊಳ್ಳಲ್ಲ ಮಾವ, ಎಂದಳು.

ಅವತ್ತು ಸಂಜೆ ಗಂಡ ಶೆಡ್ಡಿನಲ್ಲಿದ್ದ. ಎಳೆದು ತಂದು ನಿಲ್ಲಿಸಿದ್ದ ಕಾರಿನ ಇಂಜಿನ್ನನ್ನು ತಾನೇ ಬಿಚ್ಚಿದ್ದ. ತೆಗೆದಿಟ್ಟ ಪಿಸ್ಟನ್ನಿನ ನೆತ್ತಿಯಲ್ಲಿ ಹೆಬ್ಬೆರಳು ತೂರುವಷ್ಟು ತೂತು, ಸುತ್ತ ಕರಗಿದ ಅಂಚು. ಬೃಂದಾ ಅದನ್ನು ನೋಡಿದಳು. ನಾನು ಯಾರಿಗೂ ಹೇಳಿಕೊಂಡು ತಿರುಗುವುದಿಲ್ಲ, ಹೇಳಬೇಕಾದವರು ನೀವು, ನೀವು ಹೇಳುವವರೆಗೆ ನಾನು ಈ ಮನೆಯಲ್ಲಿ ತಲೆ ಎತ್ತಿ ಓಡಾಡಲಾರೆ ಎಂದಳು. ನಟರಾಜು ಪಿಸ್ಟನ್ನನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದ.

ತಿಂಗಳೊಪ್ಪತ್ತಿನಲ್ಲಿ ಕಾರು ಕೊಳ್ಳಲು ಹುಣಸೂರಿನಿಂದ ಕಿರಣ್ಕುಮಾರ್ ಎಂಬಾತ ಬಂದ. ಅವನೂ ರೇಸಿನವನೇ. ತಾಯಿಯ ಸೀರೆ, ಸಾಮಾನು ನೋಡಲು ಬಂದಿದ್ದ ಮೀನಾ ಜಗಲಿಯಲ್ಲಿದ್ದಳು, ಕುಳ್ಳಯ್ಯನೂ ಇದ್ದ, ಅಕ್ಕಪಕ್ಕದವರು ನಾಲ್ಕು ಜನ ಕೂಡಿದ್ದರು. ಕಿರಣ್ಕುಮಾರ್ ಪಿಸ್ಟನ್ ಎತ್ತಿ ಬೆಳಕಿಗೆ ಹಿಡಿದು, ಇಂಥ ಇಂಜಿನ್ನಿಗೆ ಮಾಮೂಲಿ ಪೆಟ್ರೋಲು ಹಾಕಿದ ಪುಣ್ಯಾತ್ಮರು ಯಾರಪ್ಪ ಎಂದು ಕೇಳಿದ. ಪಾಪ, ಅವನಿಗೆ ಏನೂ ಗೊತ್ತಿರಲಿಲ್ಲ. ಎಲ್ಲರ ಕಣ್ಣೂ ಬಾಗಿಲಲ್ಲಿ ನಿಂತಿದ್ದ ಬೃಂದಾಳ ಕಡೆ ಹೋಯಿತು.

"ಉಯ್ಯಿ ಅಂದೋನು ನಾನು," ಎಂದ ನಟರಾಜು. "ತುಳಿದೋನೂ ನಾನೇ. ಅವ್ಳು ಕಾಲೆತ್ತಿ, ಕಾಲೆತ್ತಿ ಅಂತ ಬಡ್ಕಂಡ್ಳು. ಅವ್ಳೇ ಓಡ್ಸಿದ್ರೆ ಅವ್ವ ಉಳೀತಿದ್ಲು."

ಕಿರಣ್ಕುಮಾರ್ ಪಿಸ್ಟನ್ನನ್ನು ಮೆಲ್ಲಗೆ ಕೆಳಗಿಟ್ಟ. ಮೀನಾ ಎದ್ದು ಒಳಗೆ ಹೋದಳು, ಹೋಗುವಾಗ ಬೃಂದಾಳ ತೋಳು ಹಿಡಿದು ಒಂದು ಗಳಿಗೆ ನಿಂತಳು, ಏನು ಹೇಳುವುದೆಂದು ತಿಳಿಯದೆ ಬಿಟ್ಟಳು. ಈ ಮಾತಿಗಾಗಿ ಅಷ್ಟು ದಿನ ಕಾದಿದ್ದ ಬೃಂದಾಗೆ ಎದೆ ಹಗುರಾಗಲಿಲ್ಲ. ಅಂಗಳದಲ್ಲಿ ಕೈ ಜೋತುಹಾಕಿ ನಿಂತಿದ್ದ ಗಂಡನನ್ನು ಕಂಡು ಅವನ ಹತ್ತಿರ ಹೋಗಬೇಕೆನಿಸಿತು, ಕಾಲು ಬರಲಿಲ್ಲ.

ಕಾರು ಹೋಯಿತು. ನಟರಾಜು ಮತ್ತೆ ಸ್ಟಿಯರಿಂಗ್ ಮುಟ್ಟಲಿಲ್ಲ. ಎಲ್ಲಿಗೇ ಆದರೂ ಬಸ್ಸು, ಇಲ್ಲವೇ ನಡಿಗೆ. ಊರವರು ಬೃಂದಾಳನ್ನು ಮೊದಲಿನಂತೆ ಮಾತಾಡಿಸತೊಡಗಿದರು. ಆದರೆ ಕುಳ್ಳಯ್ಯ ಬದಲಾದ. ತಾನೇ ಕಣ್ಣಾರೆ ಕಂಡು, ಮುಚ್ಚಿಡು ಎಂದು ಸೊಸೆಯನ್ನು ಬೇಡಿಕೊಂಡಿದ್ದ ಮುದುಕ, ಅದೇ ಮಾತನ್ನು ಮಗನ ಬಾಯಲ್ಲಿ ಕೇಳಿದಂದಿನಿಂದ ಮಗನೊಡನೆ ಮಾತು ಬಿಟ್ಟ. ಅವಳೇ ಓಡಿಸಿದ್ದರೆ ಅವ್ವ ಉಳಿಯುತ್ತಿದ್ದಳು ಎಂಬುದನ್ನು ಅವನು ಅಲ್ಲಿಯವರೆಗೆ ತನಗೆ ತಾನೂ ಹೇಳಿಕೊಂಡಿರಲಿಲ್ಲ. ಮಗ ಒಳಗೆ ಬಂದರೆ ಎದ್ದು ಬ್ಯಾರನ್ನಿಗೆ ಹೋಗುತ್ತಾನೆ.

ಈಗ ಬೃಂದಾ ಮೊದಲು ಮಾವನಿಗೆ ಬಡಿಸುತ್ತಾಳೆ, ಆಮೇಲೆ ಗಂಡನಿಗೆ. ಯಾವ ಹೊಲಕ್ಕೆ ನೀರು ಬಿಡಬೇಕು, ಸೊಪ್ಪು ಯಾವತ್ತು ಮಾರ್ಕೆಟ್ಟಿಗೆ ಹೋಗಬೇಕು ಎಂದು ಒಬ್ಬರು ಅಂದದ್ದನ್ನು ಇನ್ನೊಬ್ಬರಿಗೆ ಅವಳೇ ಹೋಗಿ ಹೇಳುತ್ತಾಳೆ.