ಅವರು ಅಂದರೆ ಎಷ್ಟು ಜನ?

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಅಪಘಾತದಿಂದ ಶುರು ಮಾಡಿದರೆ ನೀವು ಪೇಪರ್ ಓದುತ್ತಿದ್ದೀರಿ ಅಂದುಕೊಳ್ಳುತ್ತೀರಿ. ತೀರ್ಪಿನಿಂದ ಶುರು ಮಾಡಿದರೆ ಓದುವುದನ್ನೇ ಬಿಡುತ್ತೀರಿ. ಸಿನಿಮಾ ಹೀರೋ ಬಿಡುಗಡೆಯಾದ ಅನ್ನುವುದು ಯಾರಿಗೆ ತಾನೇ ಸುದ್ದಿ? (ನೋಡಿ, 'ಬಿಡುಗಡೆಯಾದ' ಎಂದು ಬರೆದುಬಿಟ್ಟೆ. 'ಬಿಡುಗಡೆಯಾದರು' ಎನ್ನಬೇಕಿತ್ತೇ? ಈ ಪ್ರಶ್ನೆ ನೆನಪಿರಲಿ. ಇಡೀ ಕಥೆ ಇದರ ಮೇಲೇ ನಿಂತಿದೆ.)

ಮೊದಲ ಕರಡು ಮುಂಜಾವಿನ ಮಂಜಿನಲ್ಲಿ ಬಂದ ಬಿಳಿ ಕಾರಿನಿಂದ ಶುರುವಾಗಿತ್ತು. ಅಂದು ಮಂಜಿರಲಿಲ್ಲ, ಕಾರು ಬಿಳಿಯದಲ್ಲ. ಹರಿದೆ. ಎರಡನೆಯದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ನ್ಯಾಯದೇವತೆಯಿಂದ ಶುರುವಾಗಿತ್ತು. ನನ್ನ ಕಾಗೆ ಕಾಲಿನ ಅಕ್ಷರವನ್ನು ಟೈಪ್ ಮಾಡಿಕೊಡುವುದು ನನ್ನ ಅತ್ತಿಗೆ, ಅಣ್ಣನ ಹೆಂಡತಿ. ಕೋರ್ಟಿನಲ್ಲಿ ಸ್ಟೆನೋ. ಅವರು ಕರಡನ್ನು ಹಾಗೇ ವಾಪಸು ಕಳಿಸಿದರು, ಮೇಲೆ ಪೆನ್ಸಿಲ್ಲಿನಲ್ಲಿ ಬರೆದು: 'ಮೂವತ್ತು ವರ್ಷದಿಂದ ಕೋರ್ಟಲ್ಲಿದ್ದೀನಿ, ಆ ದೇವತೆಯನ್ನ ಒಂದು ದಿನವೂ ನೋಡಿಲ್ಲ. ಫ್ಯಾನು ಕೆಟ್ಟಿತ್ತು, ಅದನ್ನ ಬರಿ.'

ಸರಿ, ಕೆಟ್ಟ ಫ್ಯಾನಿನಿಂದಲೇ ಶುರು ಮಾಡೋಣ.

೨

ಫ್ಯಾನು ಕೆಟ್ಟಿತ್ತು. ಸಾಕ್ಷಿ ಕಟ್ಟೆಗೂ ನ್ಯಾಯಾಧೀಶರ ಮೇಜಿಗೂ ನಡುವಿನ ಕಿರಿದಾದ ಜಾಗದಲ್ಲಿ ಅತ್ತಿಗೆಯ ಕುರ್ಚಿ. ಒಂದು ಕಾಲು ಗಿಡ್ಡ, ಅದರಡಿಗೆ ಮಡಿಸಿಟ್ಟ ಹಳೆಯ ಕೇಸಿನ ರಟ್ಟು. ತೊಡೆಯ ಮೇಲೆ ಶೀಘ್ರಲಿಪಿಯ ಪುಸ್ತಕ, ಕೈಯಲ್ಲಿ ಪೆನ್ಸಿಲ್, ಕಿವಿಯ ಹಿಂದೆ ಇನ್ನೊಂದು. ಸಾಕ್ಷಿ ಆಡಿದ ಮಾತನ್ನೆಲ್ಲ ಕೊಕ್ಕೆ ಗೆರೆಗಳಲ್ಲಿ ಹಿಡಿಯುವುದು, ಆಮೇಲೆ ಅದನ್ನು ಕೋರ್ಟಿನ ಕನ್ನಡಕ್ಕೆ ಇಳಿಸಿ ಟೈಪ್ ಮಾಡುವುದು ಅವರ ಕೆಲಸ.

ಕೋರ್ಟಿನ ಕನ್ನಡಕ್ಕೆ ಯಾರೂ ಬರೆದಿಡದ ಒಂದು ಕಾನೂನಿದೆ. ವೈದ್ಯರು ನುಡಿಯುತ್ತಾರೆ, ಅಧಿಕಾರಿಗಳು ನುಡಿಯುತ್ತಾರೆ, ಆರೋಪಿ ಮಾತ್ರ ನುಡಿಯುತ್ತಾನೆ. ಜೇಬುಗಳ್ಳ 'ಹಾಜರಿದ್ದನು', ಸೈಕಲ್ ಕದ್ದವ 'ತಪ್ಪೊಪ್ಪಿಕೊಂಡನು'. ಅತ್ತಿಗೆಗೆ ಇದನ್ನು ಯಾರೂ ಕಲಿಸಿರಲಿಲ್ಲ, ಬೆರಳಿಗೇ ಗೊತ್ತಿತ್ತು.

ಅಂದು ಬಂದ ಆರೋಪಿ ಮಾತ್ರ ಬೇರೆ ಥರದವನು. ಶೂಟಿಂಗ್ ಇದೆ ಅಂತ ಹನ್ನೊಂದು ಸಲ ವಾಯಿದೆ ತೆಗೆದುಕೊಂಡು ಹನ್ನೆರಡನೆಯ ಸಲಕ್ಕೆ ಬಂದಿದ್ದ. ಕಟಕಟೆಯಲ್ಲಿ ಅವನಿಗೊಂದು ಕುರ್ಚಿ ಬಂತು. ಯಾರು ತಂದರೋ, ಕೇಳಿದವರಿಲ್ಲ. ನೀರಿನ ಬಾಟಲಿ ಬಂತು. ಕಾವಲಿಗಿದ್ದ ಪೊಲೀಸರು ಬೆಲ್ಟು ಸರಿಮಾಡಿಕೊಂಡು, ಫೋಟೋದಲ್ಲಿ ಬೀಳುವ ಹಾಗೆ ನಿಂತರು. ಅದಕ್ಕೆ ಮುಂಚೆ, ಒಂದು ಮೊಬೈಲ್ ಕದ್ದಿದ್ದಕ್ಕೆ ಮೂರು ತಿಂಗಳು ಜೈಲು ತೆಗೆದುಕೊಂಡವನು ಅದೇ ಕಟಕಟೆಯಲ್ಲಿ ಎರಡು ಗಂಟೆ ನಿಂತೇ ಇದ್ದ. ಅವನೂ ಹೊರಗೆ ಹೋಗುವಾಗ ಹಿಂತಿರುಗಿ ಹೀರೋಗೆ ಕೈಮುಗಿದ. (ಇದನ್ನು ನಗಿಸಲಿಕ್ಕೆ ಬರೆದೆ. ಟೈಪ್ ಮಾಡುವಾಗ ಅತ್ತಿಗೆ ನಗಲಿಲ್ಲ.)

ನಮ್ಮ ಮರ್ಯಾದೆಯ ಕಥೆಯೇ ವಿಚಿತ್ರ ನೋಡಿ. ಪರದೆಯ ಮೇಲಿದ್ದಾಗ 'ಬಂದ ನೋಡು' ಎಂದು ಶಿಳ್ಳೆ ಹೊಡೆಯುವ ನಾವು, ಕಟಕಟೆಗೆ ಬಂದ ಕೂಡಲೇ 'ಬಂದರು ನೋಡಿ' ಅಂದೆವು.

೩

ಸಾಕ್ಷಿ ಹೇಳಲು ಬಂದವಳು ಬೀದಿ ಗುಡಿಸುವ ಕೆಲಸದವಳು. ಸತ್ತವನು ಅವಳ ತಮ್ಮ, ಸೈಕಲ್ಲಿನಲ್ಲಿ ಮನೆಮನೆಗೆ ಪೇಪರ್ ಹಾಕುತ್ತಿದ್ದವನು. ಬೆಳಗಿನ ಐದೂವರೆಗೆ ಅಕ್ಕ ಒಂದು ಬದಿಯಿಂದ ಗುಡಿಸುತ್ತ ಬರುವಳು, ತಮ್ಮ ಇನ್ನೊಂದು ಬದಿಯಿಂದ ಪೇಪರ್ ಎಸೆಯುತ್ತ ಬರುವನು, ನಡುವೆ ಸಿಕ್ಕಾಗ ಒಂದು ಮಾತು. ಅಂದು ಆ ಮಾತಿಗೆ ಇಪ್ಪತ್ತು ಹೆಜ್ಜೆ ಬಾಕಿ ಇರುವಾಗ ಹೀರೋನ ಕಾರು ಬಂತು.

[ಅತ್ತಿಗೆ: ಟೈಪ್ ಮಾಡ್ತಾ ಮಾಡ್ತಾ ನೋಡಿದೆ. ನಾನು 'ಅವರು', ಅವಳು 'ಅವಳು'. ಯಾಕೆ? ನನಗಿಂತ ದೊಡ್ಡವರು. ಬೆರಳಿಗೇ ಗೊತ್ತು ಅಂತ ನನ್ನ ಆಡಿಕೊಳ್ತೀಯಲ್ಲ, ನಿನ್ನ ಬೆರಳಿಗೆ ಏನು ಬಂದಿದೆ?]

(ಚೌಕ ಕಂಸದೊಳಗೆ ಬರುವುದೆಲ್ಲ ಅತ್ತಿಗೆಯದು. ಟೈಪ್ ಮಾಡುವವರ ಕೈಯಲ್ಲಿ ಕಥೆ ಕೊಟ್ಟ ಮೇಲೆ ಇದೆಲ್ಲ ಇದ್ದದ್ದೇ. ಆದರೆ ಮಾತು ನಿಜ, ನಾಚಿಕೆಯಾಯಿತು. ಇನ್ನು ಮುಂದೆ ಪೇಪರಿನವನ ಅಕ್ಕನೂ 'ಅವರು'.)

ಪೇಪರಿನವನ ಅಕ್ಕ ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಏನು ನೋಡಿದಿರಿ ಎಂದು ಕೇಳಿದಾಗ ಹೀರೋ ಕಡೆಗೆ ಕೈ ತೋರಿಸಿಯೇ ಹೇಳಿದರು:

"ಕಾರಿಂದ ಇಬ್ರು ಇಳಿದ್ರು. ಒಬ್ರು ವಯಸ್ಸಾದವರು, ಇನ್ನೊಬ್ಬ ಇವನು. ಆಸ್ಪತ್ರೆಗೆ ಕರ್ಕೊಂಡು ಹೋಗೋಣ ಅಂತ ಅವರು ಅಂದ್ರು. ಅವನು ಬೇಡ ಅಂದ. ಅವನೇ ಸ್ಟೀರಿಂಗ್ ಹಿಡಿದು ಕೂತ. ಬಂದಾಗ್ಲೂ ಅವನೇ ಓಡಿಸ್ತಿದ್ದ."

ವಯಸ್ಸಾದವರು ಅಂದರೆ ಕಾರಿನ ಡ್ರೈವರ್. ಓಡಿಸುತ್ತಿದ್ದದ್ದು ನಾನೇ ಎಂದು ಪೊಲೀಸರ ಮುಂದೆ ಆಗಲೇ ಬರೆದುಕೊಟ್ಟಿದ್ದರು, ಪಾಪ. ಉಪ್ಪು ತಿಂದ ಮನೆ. ಪೇಪರಿನವನ ಅಕ್ಕನಿಗೆ ಇಬ್ಬರ ಹೆಸರೂ ಗೊತ್ತಿರಲಿಲ್ಲ. ಅಷ್ಟು ಕನಿಕರ ಇದ್ದವರು 'ಅವರು', ಅಷ್ಟು ಕಲ್ಲಾದವನು 'ಅವನು'. ಆ ಮಾತಿನಲ್ಲಿ ಎಲ್ಲಿಯೂ ಗೊಂದಲವಿರಲಿಲ್ಲ.

ಅತ್ತಿಗೆಯ ಪೆನ್ಸಿಲ್ ಅದನ್ನು ಇದ್ದ ಹಾಗೇ ಹಿಡಿಯಿತು. ಅವನು, ಅವರು: ಶೀಘ್ರಲಿಪಿಯಲ್ಲಿ ಒಂದು ಕೊಕ್ಕೆಯಷ್ಟೇ ವ್ಯತ್ಯಾಸ. ಕೊಕ್ಕೆ ಇರಬೇಕಾದಲ್ಲಿ ಇತ್ತು. ತಪ್ಪು ಆಗಿದ್ದು ಮಧ್ಯಾಹ್ನ, ಟೈಪ್ ಮಾಡುವಾಗ. ಬಾಗಿಲಲ್ಲಿ ಜನ ಜಾತ್ರೆ, ಎದುರಿಗೆ ಅಷ್ಟು ದೊಡ್ಡ ಮನುಷ್ಯ ಕಾಲಮೇಲೆ ಕಾಲು ಹಾಕಿ ಕೂತಿದ್ದಾನೆ. ಬೆರಳಿಗೆ 'ಓಡಿಸುತ್ತಿದ್ದನು' ಒತ್ತಲು ಬರಲಿಲ್ಲ. ಹೆದರಿಕೆ ಅಲ್ಲ, ಲಂಚ ಅಲ್ಲ. ಮರ್ಯಾದೆ, ಅಷ್ಟೇ.

'ಕಾರಿನಿಂದ ಇಬ್ಬರು ಇಳಿದರು. ಒಬ್ಬರು ವಯಸ್ಸಾದವರು, ಇನ್ನೊಬ್ಬರು ಇವರು. ಆಸ್ಪತ್ರೆಗೆ ಕರೆದೊಯ್ಯೋಣ ಎಂದು ಅವರು ಹೇಳಿದರು. ಅವರು ಬೇಡವೆಂದರು. ಅವರೇ ಸ್ಟೀರಿಂಗ್ ಹಿಡಿದು ಕುಳಿತರು. ಬಂದಾಗಲೂ ಅವರೇ ಓಡಿಸುತ್ತಿದ್ದರು.'

ಇನ್ನೊಮ್ಮೆ ಓದಿ. ಯಾರು ಯಾರಿಗೆ ಬೇಡವೆಂದರು? ಯಾರು ಓಡಿಸುತ್ತಿದ್ದರು? ಹೇಳಿ ನೋಡೋಣ.

ಇದನ್ನು ಪೇಪರಿನವನ ಅಕ್ಕನಿಗೆ ಓದಿ ಹೇಳಿದರು. ಕಿವಿಗೆ ಏನೋ ಬೇರೆ ಕೇಳಿಸಿತಂತೆ. ಆದರೆ ದೊಡ್ಡವರ ಕನ್ನಡ ಹೀಗೇ ಇರಬೇಕು ಅಂದುಕೊಂಡು ರುಜು ಹಾಕಿದರು.

೪

(ಈ ಭಾಗದಲ್ಲಿ ಹೀರೋ ಮನಸ್ಸಿನೊಳಗೆ ಹೋಗಿ ಅವನ ಪಶ್ಚಾತ್ತಾಪ ಬರೆಯಬೇಕೆಂದಿದ್ದೆ. ಎರಡು ಪುಟ ಬರೆದೆ ಕೂಡ. ಅವನು ಒಳಗೆ ಬಿಟ್ಟುಕೊಳ್ಳಲಿಲ್ಲ. "ನನ್ನ ಡೇಟ್ಸ್ ಇಲ್ಲ" ಅಂದ. ಬಿಟ್ಟೆ.)

೪, ಇನ್ನೊಂದು ಸಲ

ಸಾಕ್ಷಿ ಕೇಳಿದ ನ್ಯಾಯಾಧೀಶರಿಗೆ ವರ್ಗವಾಯಿತು. ಮತ್ತೆ ವಾಯಿದೆ, ಮತ್ತೆ ಶೂಟಿಂಗ್. ನಾಲ್ಕು ವರ್ಷ ಕಳೆಯಿತು. ಹೊಸಬರು ಒಳ್ಳೆಯ ಮನುಷ್ಯರು, ಯಾರ ಮುಲಾಜಿಗೂ ಬೀಳುವವರಲ್ಲ. ಆದರೆ ಅವರು ಪೇಪರಿನವನ ಅಕ್ಕನ ಬಾಯಿಂದ ಮಾತು ಕೇಳಿದವರಲ್ಲ, ಅತ್ತಿಗೆ ಟೈಪ್ ಮಾಡಿದ್ದನ್ನು ಓದಿದವರು. ಹೀರೋ ಕಡೆಯ ವಕೀಲರು ಎದ್ದು ನಿಂತು, ತುಂಬಾ ಮೆತ್ತಗೆ, ಒಂದೇ ಪ್ರಶ್ನೆ ಕೇಳಿದರು: "ಸ್ವಾಮಿ, ಈ 'ಅವರು' ಅಂದ್ರೆ ಯಾರು? ಎಷ್ಟು ಜನ?"

ಅತ್ತಿಗೆ ಅಲ್ಲೇ, ಅದೇ ಗಿಡ್ಡ ಕಾಲಿನ ಕುರ್ಚಿಯಲ್ಲಿ ಕೂತು, ಆ ಪ್ರಶ್ನೆಯನ್ನೂ ಬರೆದುಕೊಂಡರು. ಎದ್ದು ಹೇಳಬೇಕಿತ್ತು. ಸ್ಟೆನೋ ಎದ್ದು ಮಾತಾಡಿದ್ದನ್ನು ಆ ಕೋಣೆ ಇದುವರೆಗೆ ಕಂಡಿಲ್ಲ. ಅವರು ಏಳಲಿಲ್ಲ.

ಡ್ರೈವರಿಗೆ ಎರಡು ವರ್ಷ ಜೈಲು. ಹೀರೋಗೆ ಸಂಶಯದ ಲಾಭ. ತೀರ್ಪನ್ನು ಟೈಪ್ ಮಾಡಿದ್ದೂ ಅತ್ತಿಗೆಯೇ. ಹೊರಗೆ ಅಭಿಮಾನಿಗಳ ಪಟಾಕಿಯ ಸದ್ದಿಗೆ ಎರಡು ಸಲ ಅಕ್ಷರ ತಪ್ಪಿತು.

ಅಂದಿನಿಂದ ಅವರು ಎಲ್ಲ ಆರೋಪಿಗಳಿಗೂ ಬಹುವಚನವನ್ನೇ ಟೈಪ್ ಮಾಡುತ್ತಾರೆ. 'ಜೇಬುಗಳ್ಳರು ಹಾಜರಿದ್ದರು.' ಒಬ್ಬ ಜೇಬುಗಳ್ಳ ಗಾಬರಿಯಾಗಿ, ನಾನು ಒಬ್ನೇ ಇದ್ದೆ ಮೇಡಂ, ಗ್ಯಾಂಗ್ ಕೇಸ್ ಹಾಕಬೇಡಿ ಎಂದು ಬೇಡಿಕೊಂಡನಂತೆ.

೫

ತೀರ್ಪು ಬಂದ ಹದಿನೈದು ದಿನಕ್ಕೆ ಪೇಪರಿನವನ ಅಕ್ಕ ಅತ್ತಿಗೆಯ ಮನೆ ಹುಡುಕಿಕೊಂಡು ಬಂದರು. ಕೂತುಕೊಳ್ಳಿ ಅಂದರೂ ಬಾಗಿಲಲ್ಲೇ ನಿಂತರು. ಮೇಲಿನ ಕೋರ್ಟಿಗೆ ಹೋಗಲು ಸೋಮವಾರ ಕೊನೆಯ ದಿನ. ಅಂದು ಕೈಯಲ್ಲಿ ಬರೆದುಕೊಂಡ ಹಾಳೆ ಇದ್ದರೆ ಏನಾದರೂ ಮಾಡಬಹುದು ಎಂದು ವಕೀಲರು ಹೇಳಿದ್ದಾರಂತೆ.

"ನಾನು 'ಅವನು' ಅಂತಾನೇ ಅಂದಿದ್ದೆ ಕಣಮ್ಮ. ನನ್ನ ತಮ್ಮನ್ನ ರಸ್ತೇಲಿ ಬಿಟ್ಟು ಹೋದವನಿಗೆ ನಾನು ಯಾಕೆ ಮರ್ಯಾದೆ ಕೊಡ್ಲಿ?"

ಅತ್ತಿಗೆ ಶೀಘ್ರಲಿಪಿಯ ಹಳೆಯ ಪುಸ್ತಕಗಳನ್ನೆಲ್ಲ ಇಟ್ಟುಕೊಂಡಿದ್ದರು, ವರ್ಷವಾರು ಕಟ್ಟಿ ಅಟ್ಟದ ಮೇಲೆ. ಅವರನ್ನು ಒಳಗೆ ಕೂರಿಸಿ, ಸ್ಟೂಲು ಹತ್ತಿ, ಆ ವರ್ಷದ ಕಟ್ಟು ಇಳಿಸಿ, ಆ ದಿನದ ಪುಟ ತೆಗೆದರು. ಹಾಳೆ ಇರಲಿಲ್ಲ. ಹರಿದ ಅಂಚು ಮಾತ್ರ ಇತ್ತು. ಆಗ ನೆನಪಾಯಿತು. ಅಂದು ಸಂಜೆ, ಅಭಿಮಾನಿಯೊಬ್ಬರು ಕೇಳಿದ್ದರೆಂದು, ಹೀರೋನ ಹಸ್ತಾಕ್ಷರವನ್ನು ಆ ಹಾಳೆಯ ಹಿಂದೆಯೇ ಹಾಕಿಸಿಕೊಂಡಿದ್ದರು. ಟೈಪ್ ಆಯಿತಲ್ಲ, ಇನ್ನು ಯಾಕೆ ಎಂದು ಹರಿದು ಕೊಟ್ಟಿದ್ದರು.

[ಅತ್ತಿಗೆ: ಅಭಿಮಾನಿಯೊಬ್ಬರು ಕೇಳಿದ್ದರು. ಈ 'ಅವರು' ಅಂದ್ರೆ ಯಾರು?]

(ಇದು ಕಥೆ ಅತ್ತಿಗೆ. ಕಥೆಯಲ್ಲಿ ಅಷ್ಟು ಮರೆಮಾಚಬಹುದು.)

[ಅತ್ತಿಗೆ: ಯಾರು?]

೬

ನಾನು ಕೇಳಿದೆ.

'ನಾನು' ಎಂದು ಬರೆದ ಮೇಲೆ ಕ್ರಿಯಾಪದಕ್ಕೆ ಅಡಗಿಕೊಳ್ಳಲು ಜಾಗವೇ ಇಲ್ಲ, ಗಮನಿಸಿದ್ದೀರಾ? ಕೇಳಿದೆ. ಗೌರವವಿಲ್ಲ, ಬಹುವಚನವಿಲ್ಲ, ಸಂಶಯದ ಲಾಭವೂ ಇಲ್ಲ. ನನ್ನ ಮಗಳಿಗಾಗ ಎಂಟು ವರ್ಷ, ಅವನೆಂದರೆ ಪ್ರಾಣ. ಹೇಗೂ ಕೋರ್ಟಿಗೆ ಬರ್ತಾರಲ್ಲ ಅತ್ತಿಗೆ, ಒಂದು ಸೈನ್ ಹಾಕಿಸಿಕೊಂಡು ಬನ್ನಿ ಎಂದೆ. 'ಬರ್ತಾರಲ್ಲ' ಎಂದೆ. ಯಾಕೆ ಬರುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು. ಬೀದಿ ಗುಡಿಸುವವರ ತಮ್ಮ ಸತ್ತಿದ್ದೂ ಗೊತ್ತಿತ್ತು. ಎರಡನ್ನೂ ಜೋಡಿಸಿ ನೋಡಲಿಲ್ಲ. ಇಷ್ಟು ದಿನ ನ್ಯಾಯ, ಸಮಾನತೆ ಎಂದು ಕಥೆ ಬರೆದುಕೊಂಡು ಬಂದವನು ನಾನು. ತಪ್ಪಾಯಿತು. ಕಥೆಯಲ್ಲಿ ಹೀಗೆ ನೇರವಾಗಿ ಹೇಳಬಾರದು ಅನ್ನುತ್ತಾರೆ. ಅನ್ನಲಿ ಬಿಡಿ.

ಹಾಳೆ ನನ್ನ ಮನೆಯಲ್ಲೇ ಇದೆ. ಮಗಳು ತನ್ನ ಕೋಣೆಯ ಗೋಡೆಗೆ ಅಂಟಿಸಿದ್ದಾಳೆ, ಹಿಂದೆ ಪೂರ್ತಿ ಗೋಂದು ಬಳಿದು. 'ಪ್ರೀತಿಯಿಂದ' ಎಂಬುದು ಈಚೆ ಮುಖ. 'ಅವನೇ ಓಡಿಸ್ತಿದ್ದ' ಎಂಬುದು ಗೋಡೆಯ ಕಡೆಗೆ. ಈಗ ಅವಳಿಗೆ ಹನ್ನೆರಡು. ಬೇರೆ ಯಾರೋ ಹಾಡುಗಾರನ ಹುಚ್ಚು. ಅದು ಯಾರ ಸೈನ್ ಎಂದು ನಿನ್ನೆ ಕೇಳಿದರೆ ಸ್ವಲ್ಪ ಹೊತ್ತು ನೋಡಿ, ಯಾರದೋ, ಅಪ್ಪ, ಮರೆತುಹೋಯ್ತು, ಅಂದಳು.

೭

ಮುಕ್ತಾಯಗಳು. ನಿಮಗೆ ಬೇಕಾದ್ದು ಆರಿಸಿಕೊಳ್ಳಿ ಎನ್ನುವುದು ಈ ಜಾತಿಯ ಕಥೆಗಳ ಪದ್ಧತಿ.

ಒಂದು: ಹಾಳೆ ಇಡಿಯಾಗಿ ಬಿಡಿಸಿ ಬರುತ್ತದೆ. ಅತ್ತಿಗೆ ಅದನ್ನು ಮೇಲಿನ ಕೋರ್ಟಿನಲ್ಲಿ ಓದುತ್ತಾರೆ. ಆರೋಪಿಯ ಸೈನು ನಿಮ್ಮ ಪುಸ್ತಕದಲ್ಲಿ ಯಾಕೆ ಬಂತು ಎಂದು ಮೊದಲು ಅವರನ್ನೇ ಕೇಳುತ್ತಾರೆ. ನಿವೃತ್ತಿಗೆ ನಾಲ್ಕು ತಿಂಗಳಿರುವಾಗ ಅವರ ಕೆಲಸ ಹೋಗುತ್ತದೆ. ಹೀರೋ ಕಥೆ ಏನಾಗುತ್ತದೋ, ಹೇಳಲಾರೆ.

ಎರಡು: ಹಾಳೆ ಹರಿಯುತ್ತದೆ, ಸರಿಯಾಗಿ ಆ ಕೊಕ್ಕೆಯ ಜಾಗದಲ್ಲೇ.

ಮೂರು: ನಾನು ಈ ಕಥೆಯನ್ನು ಅಚ್ಚು ಹಾಕಿಸುತ್ತೇನೆ. ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ.

[ಅತ್ತಿಗೆ: ಮೂರನೆಯದನ್ನ ಟೈಪ್ ಮಾಡೋದಿಲ್ಲ ಅಂದಿದ್ದೆ. ಮಾಡಿದ್ದೀನಿ, ನಿನಗೇ ನಾಚಿಕೆ ಆಗಲಿ ಅಂತ. ನನ್ನ ಕೆಲಸದ ಚಿಂತೆ ನಿನಗೆ ಬೇಡ. ಅಂದು ಏಳಲಿಲ್ಲ, ಈಗ ಏಳ್ತೀನಿ. ಕಥೆಯಲ್ಲಿ 'ಅವನು' ಅಂತ ತಿದ್ದಿಕೊಂಡ್ರೆ ಯಾವ ಕೋರ್ಟೂ ಕೇಳಲ್ಲ. ನಾಳೆ ಬೆಳಗ್ಗೆ ಪೇಪರಿನವನ ಅಕ್ಕನ್ನ ಕರ್ಕೊಂಡು ಬರ್ತೀನಿ. ಬಕೆಟ್‌ನಲ್ಲಿ ಬಿಸಿನೀರು ಇಟ್ಟಿರು.]

೮

ಇಂದು ಭಾನುವಾರ. ಇದನ್ನು ಮಗಳ ಕೋಣೆಯ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಬಿಸಿನೀರು, ಸ್ಪಂಜು, ಬೆಣ್ಣೆ ಸವರುವ ಮೊಂಡು ಚಾಕು. ಹಾಳೆಯನ್ನು ಮೂರು ಸಲ ಒದ್ದೆ ಮಾಡಿದ್ದೇನೆ. ಹಸ್ತಾಕ್ಷರದ ಶಾಯಿ ಕರಗಿ ಗೋಡೆಯಿಂದ ನೆಲಕ್ಕೆ ಇಳಿದಿದೆ. ಪೆನ್ಸಿಲ್ಲಿನ ಗೆರೆಯನ್ನು ನೀರು ಅಳಿಸುವುದಿಲ್ಲವಂತೆ, ಅತ್ತಿಗೆ ಹೇಳಿದರು. ಕಾಗದ ತಡೆಯುತ್ತದೋ ಇಲ್ಲವೋ, ಅದನ್ನು ಅವರು ಹೇಳಲಿಲ್ಲ.

ಪೇಪರಿನವನ ಅಕ್ಕ ಬಂದು ಒಮ್ಮೆ ಬಾಗಿಲಲ್ಲಿ ನಿಂತು ಗೋಡೆ ನೋಡಿದರು. ನನಗೆ ಬೈಗುಳ ಕಾದಿರುತ್ತದೆ ಅಂದುಕೊಂಡಿದ್ದೆ. "ನಿಧಾನಕ್ಕೆ ಕೀಳಪ್ಪ," ಎಂದಷ್ಟೇ ಹೇಳಿ ಹೊರಗೆ ಹೋಗಿ ಕೂತರು. ಏಕವಚನದಲ್ಲಿ ಹೇಳಿದರು. ಯಾವ ಏಕವಚನ, ತಮ್ಮನಿಗೆ ಕೊಡುವುದೋ ಹೀರೋಗೆ ಕೊಟ್ಟಿದ್ದೋ, ಕೇಳುವ ಧೈರ್ಯ ನನಗಿಲ್ಲ.

ಮುಕ್ತಾಯ ಬರೆಯುವುದಿಲ್ಲ. ಏನಾಯಿತು ಎಂದು ಬರೆದುಬಿಟ್ಟರೆ ನೀವು ಪುಸ್ತಕ ಮುಚ್ಚಿ ಎದ್ದು ಹೋಗುತ್ತೀರಿ. ಈ ಕೋಣೆಯಿಂದ ನಾನು ಏಳುವ ತನಕ ನೀವೂ ಏಳಬೇಡಿ. ಹೊರಗೆ ಅವರು ಕಾಯುತ್ತಿದ್ದಾರೆ. ಎಷ್ಟು ಜನ ಎಂದು ಯಾರಾದರೂ ಕೇಳಿದರೆ ಈ ಸಲ ಸರಿಯಾಗಿ ಹೇಳುತ್ತೇನೆ, ಇಬ್ಬರು. ಹಾಳೆಯ ಎಡಗಡೆಯ ಮೂಲೆ ಗೋಡೆ ಬಿಟ್ಟು ಎದ್ದಿದೆ. ಅದರ ಹಿಂದೆ ಒಂದು ಸಣ್ಣ ಕೊಕ್ಕೆ ಕಾಣುತ್ತಿದೆ. ನಾನು ಪೆನ್ನು ಕೆಳಗಿಟ್ಟು, ಆ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು, ಮೆಲ್ಲಗೆ