ಮೂರೋ ಎಂಟೋ

ಸತ್ತವರ ಮುಖ ನೋಡುವ ಮೊದಲೇ ಒಂದು ಕಾಲದಲ್ಲಿ ಬ್ಯಾಂಡಿನಲ್ಲಿ ಗಿಟಾರು ಬಾರಿಸುತ್ತಿದ್ದ ಮುದುಕ ರಿಪೇರಿ ಕೋಣೆಗೆ ನುಗ್ಗಿ, ಗೋಡೆಯಲ್ಲಿದ್ದ ಕೆಂಪು ಎಲೆಕ್ಟ್ರಿಕ್ ಗಿಟಾರನ್ನು ಇಳಿಸಿ ಮೇಜಿನ ಮೇಲೆ ಬೋರಲು ಹಾಕಿದ್ದ. ಗಿಟಾರಿನ ಕತ್ತು ಒಡಲಿಗೆ ಸೇರುವಲ್ಲಿ ನಾಲ್ಕು ಸ್ಕ್ರೂ ಬಿಗಿದ ಉಕ್ಕಿನ ತಗಡು; ಅದರ ಮೇಲೆ ಐದಂಕಿಯ ನಂಬರು. ಅದನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ.

ಮಗಳು ಬಾಗಿಲಲ್ಲೇ ನಿಂತಳು.

"ಅಪ್ಪನ್ನ ನೋಡೋಕೆ ಬಂದ್ರಾ, ನಂಬರ್ ನೋಡೋಕೆ ಬಂದ್ರಾ?"

"ನಿಮ್ಮಪ್ಪ ಇನ್ನೆಲ್ಲಿಗೂ ಓಡಿಹೋಗಲ್ಲ ಬಿಡಮ್ಮ."

ಹಜಾರದಲ್ಲಿ, ಅಪ್ಪನ ಶವಪೆಟ್ಟಿಗೆಯ ಪಕ್ಕ, ಚಿಕ್ಕಪ್ಪ ಯಾರಿಗೋ ಹೇಳುತ್ತಿದ್ದರು: "ಆರಕ್ಕೇರಲಿಲ್ಲ, ಮೂರಕ್ಕಿಳೀಲಿಲ್ಲ. ಗಿಟಾರುಗಳ ಬೆನ್ನು ನೋಡ್ತಾನೇ ಮುಗಿಸಿಬಿಟ್ಟ ನಮ್ಮಣ್ಣ."

"ನಾನು ಈ ಮನೆಗೆ ಬಂದ ದಿನ 'ನಿನ್ನ ನಂಬರ್ ಎಲ್ಲಮ್ಮಾ' ಅಂತ ಕೇಳಿದ್ರು," ಎಂದರು ಚಿಕ್ಕಮ್ಮ. ಒಂದು ನಗು ಎದ್ದು, ಕೆಮ್ಮಾಗಿ ಮುಗಿಯಿತು.

ಬಲ್ಲವರೆಲ್ಲ ಅಪ್ಪನನ್ನು ನಂಬರ್ ಮಾಸ್ತರು ಎನ್ನುತ್ತಿದ್ದರು. ನಂಬರು ಓದಿ ಗಿಟಾರು ಹುಟ್ಟಿದ ವರ್ಷ ಹೇಳುವರು, ಅಸಲಿಯೋ ನಕಲಿಯೋ ತೀರ್ಮಾನಿಸುವರು. ಅವರು ಹೇಳಿದ ಮೇಲೆ ಮುಗಿಯಿತು.

"ಇದು ನನ್ನ ಗಿಟಾರು," ಎಂದ ಮುದುಕ. "ಇಪ್ಪತ್ತೆರಡು ವರ್ಷದ ಹಿಂದೆ ನಿಮ್ಮಪ್ಪನಿಗೆ ತೋರಿಸಿದೆ. ಎಂಟರಿಂದ ಶುರುವಾಗೋ ನಂಬರನ್ನ ಆ ಕಂಪನಿ ಹಾಕೇ ಇಲ್ಲ, ನಕಲಿ ಅಂದ. ಸಿಟ್ಟಲ್ಲಿ ಗುಜರಿಯವನಿಗೆ ಎಸೆದೆ. ಆರು ತಿಂಗಳಿಗೆ ನೋಡಿದ್ರೆ, ಇದೇ ಗೋಡೆ ಮೇಲೆ! ಕಿಟಕಿಯಿಂದ ನೋಡಿ ಹಾಗೇ ತಿರುಗಿ ಹೋದೆ. ನನ್ನ ಕೈಲಿ ಎಸೆಸಿ, ತಾನು ಎತ್ಕೊಂಡ."

ಅವಳು ಮೇಜಿನ ಹತ್ತಿರ ಬಂದಳು. "ಅವತ್ತು ಬಿಚ್ಚಿ ನೋಡಿದ್ರಾ ಅಪ್ಪ?"

"ಎಲ್ಲಿ? ತಗಡಿನ ಮೇಲೊಂದು ಕಣ್ಣು ಹಾಯಿಸಿದ, ಅಷ್ಟೆ."

*

ಅವಳು ಕಾಲೇಜಿನಲ್ಲಿದ್ದಾಗ ಒಂದು ಸಂಜೆ ಗಿರಾಕಿಯೊಬ್ಬ ಚಡಪಡಿಸುತ್ತಿದ್ದ. "ನಂಬರ್ ಕಾಣ್ತಿದೆಯಲ್ಲ ಮಾಸ್ತರೇ, ಹೇಳಿಬಿಡಿ."

"ತಗಡನ್ನ ಯಾರು ಬೇಕಾದ್ರೂ ಬದಲಾಯಿಸಬಹುದು. ಮಾಡಿದವನು ಒಳಗೆ ಪೆನ್ಸಿಲ್ಲಲ್ಲಿ ತಾರೀಕು ಬರೆದಿರ್ತಾನೆ. ಬಿಚ್ಚದೆ ಹೇಳಲ್ಲ."

ಅವನು ಹೋದ ಮೇಲೆ ಅವಳು ಕೇಳಿದ್ದಳು: "ನೀನು ಮೊದಲಿಂದಲೂ ಹೀಗೇನಾ ಅಪ್ಪ?"

ಅಪ್ಪ ಗೋಡೆಯ ಕೆಂಪು ಗಿಟಾರಿನತ್ತ ನೋಡಿದರು. ಅದನ್ನು ಮುಟ್ಟಲು ಯಾರಿಗೂ ಬಿಡುತ್ತಿರಲಿಲ್ಲ.

"ಟೀ ಆರ್ತಾ ಇದೆ," ಎಂದರು.

*

ಸ್ಕ್ರೂಡ್ರೈವರನ್ನು ಅವಳೇ ತಂದಳು. ಅಪ್ಪ ಕಳ್ಳನಾಗಿದ್ದರೆ ಇನ್ನೂ ಮನೆಯಲ್ಲಿರುವಾಗಲೇ ಗೊತ್ತಾಗಲಿ.

ಎಷ್ಟೋ ಸಲ ಬಿಚ್ಚಿದ್ದಂತೆ ನಾಲ್ಕೂ ಸ್ಕ್ರೂಗಳು ಸಲೀಸಾಗಿ ತಿರುಗಿದವು. ತಗಡನ್ನು ಭೂತಗನ್ನಡಿಯ ಕೆಳಗೆ ಹಿಡಿದಳು. ಮೊದಲ ಅಂಕಿ ಮೂರು. ಎಡಕ್ಕೆ, ಎಂದೋ ಉಜ್ಜಿ ತೆಗೆದ ತುಕ್ಕಿನ ಬಾಗಿದ ಕಲೆ. ಅದಿದ್ದಾಗ ಮೂರು ಎಂಟಾಗಿ ಕಂಡಿರಬೇಕು.

ಕತ್ತನ್ನು ಎತ್ತಿದಳು. ಒಡಲಿನ ಗುಳಿಯಲ್ಲಿ ಅಪ್ಪನ ಇರುವೆ ಸಾಲಿನಂಥ ಅಕ್ಷರ: 'ಮೂರು. ಎಂಟಲ್ಲ. ಅಸಲಿ. ಗುಜರಿಯಿಂದ ಹುಡುಕಿ ತಂದೆ. ಅವನಿಗೆ ಹೇಳಬೇಕು.' ಅದರ ಕೆಳಗೆ ಇಸವಿಗಳು, ಒಂದರ ಕೆಳಗೊಂದು, ಒಂದೊಂದರ ಮುಂದೂ 'ಹೇಳಬೇಕು'. ಕೊನೆಯದು ಈ ವರ್ಷದ್ದು.

ಮುದುಕ ಭೂತಗನ್ನಡಿ ಕಸಿದುಕೊಂಡು ಓದಿದ. ಮತ್ತೊಮ್ಮೆ ಓದಿದ.

"ಇದನ್ನ ನೀನು ನಿನ್ನೆ ಬರೆದಿದ್ದಲ್ಲ ತಾನೇ?"

ಮುದುಕ ಬೆರಳಿನಿಂದ ಮೊದಲ ಸಾಲನ್ನು ಉಜ್ಜಿದ. ಸೀಸ ಮರದೊಳಗೆ ಇಂಗಿಹೋಗಿತ್ತು. ಬೆರಳಿಗೆ ಏನೂ ಹತ್ತಲಿಲ್ಲ.

"ಇಷ್ಟು ಸಲ ಬರೆದೋನಿಗೆ ನಾಲ್ಕು ಬೀದಿ ದಾಟೋಕಾಗಲಿಲ್ವಾ?"

"ನಿಮಗೂ ಆಗಲಿಲ್ಲ, ಮಾವ."

ಚಿಕ್ಕವಳಿದ್ದಾಗ, ಅವನು ಅಪ್ಪನ ಗೆಳೆಯನಾಗಿ ಮನೆಗೆ ಬರುತ್ತಿದ್ದ ಕಾಲದಲ್ಲಿ, ಹಾಗೆ ಕರೆಯುತ್ತಿದ್ದಳು. ಈಗ ಹೇಗೆ ಬಾಯಿಗೆ ಬಂತೋ.

"ಪೆಟ್ಟಿಗೆ ಮುಚ್ಚಿ ಸ್ಕ್ರೂ ಹಾಕ್ಲಾ?" ಹಜಾರದಿಂದ ಬಡಗಿ ಕೂಗಿದ.

"ತಡಿಯೋ, ಹಾಕ್ಬೇಡ!"

ಮುದುಕ ಜನರನ್ನು ಸರಿಸಿಕೊಂಡು ಹೋಗಿ ಪೆಟ್ಟಿಗೆಯ ಮೇಲೆ ಬಾಗಿದ. ಕೈಯಲ್ಲಿ ಭೂತಗನ್ನಡಿ ಹಾಗೇ ಇತ್ತು. ಅದರೊಳಗೆ ಮಾಸ್ತರರ ಮುಚ್ಚಿದ ಒಂದು ಕಣ್ಣು, ರೆಪ್ಪೆಯ ಕೂದಲು ಎಣಿಸುವಷ್ಟು ದೊಡ್ಡದಾಗಿ ಕಾಣುತ್ತಿತ್ತು.