ಆಮೆ ನೋಡಲು ಬಂದವರು

ಮಣಿಪಾಲದ ನಮ್ಮ ಲ್ಯಾಬಿನಲ್ಲಿ ನನ್ನ ಪಕ್ಕದ ಮೇಜಿನ ಜಮಾಲುದ್ದೀನ್ ಇನ್ನೊಂದು ತಿಂಗಳಲ್ಲಿ ಮಸ್ಕತ್‌ಗೆ ಹೊರಡುವವರಿದ್ದರು. ತಾವು ಸಾಕಿದ ಆಮೆಯನ್ನು ನನ್ನ ಮಗಳು ಲೀನಾಳಿಗೆ ಕೊಡುತ್ತ ಷರತ್ತು ಹಾಕಿದರು.

"ಎರಡು ವಾರ ಯಾರೂ ಎತ್ತಬಾರದು. ನೀನು ನೆಲದಲ್ಲಿ ಕೂತು ದಾಸವಾಳ ಹಿಡಿ, ಅದಾಗಿಯೇ ಬರಬೇಕು. ಆಮೇಲೆ ಎರಡೂ ಕೈ ಅಡಿಗೆ ಕೊಟ್ಟು ಎತ್ತು, ಒಂದು ಗೇಣು ಮಾತ್ರ. ನಾನು ಹೊರಡುವುದರೊಳಗೆ ಒಗ್ಗದಿದ್ದರೆ ಕಾಪುವಿನ ಅಕ್ಕನ ಮನೆಗೆ ಬಿಡ್ತೇನೆ. ಬೇಜಾರು ಮಾಡಬಾರದು, ಆಯ್ತಾ?"

ಪರದೇಶದ ತಳಿ. ಅದರ ಕಾಗದಪತ್ರಗಳ ಫೈಲು ನಮ್ಮ ಮನೆ ಜಾಗದ ಫೈಲಿಗಿಂತ ದಪ್ಪವಾಗಿತ್ತು.

ಒಂಬತ್ತು ವರ್ಷದ ಲೀನಾ ಷರತ್ತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಆದರೆ ಕುಕ್ಕುಂದೂರಿನ ನಮ್ಮ ಮನೆಯಲ್ಲಿ ಅತ್ತೆ ಬರ್ತಾಬಾಯಿ ಇದ್ದಾರೆ. ಮನೆಗೆ ಹೊಸ ಜೀವ ಬಂದರೆ ನಾಲ್ಕು ಮನೆಗೆ ತಿಳಿಸಬೇಕು ಎಂಬುದು ಅವರ ಪದ್ಧತಿ. ತಿಳಿಸಿದರು. ಬಾಳಂತಿ ಮನೆಗೆ ಬರುವಂತೆ ಜನ ಬಿಸ್ಕತ್ತಿನ ಪ್ಯಾಕೆಟ್ ಹಿಡಿದು ಬಂದರು. ಒಬ್ಬರು ಅಭ್ಯಾಸಬಲದಿಂದ ಬೇಬಿ ಸೋಪನ್ನೂ ತಂದರು.

ಪಕ್ಕದ ಮನೆಯ ನಿವೃತ್ತ ಮ್ಯಾನೇಜರ್ ಸರ್ವೋತ್ತಮ ಆಮೆಯನ್ನು ಮಗುಚಿ ನೋಡಿದರು.

"ಗಂಡೋ ಹೆಣ್ಣೋ ಬಾಯಮ್ಮ? ಮುಖವೇ ಕಾಣುವುದಿಲ್ಲವಲ್ಲ."

"ನಾಚಿಕೆ," ಎಂದರು ಅತ್ತೆ. "ನಮ್ಮ ಬೆಂಜಮಿನ್ ಕೂಡ ಸಣ್ಣದಿರುವಾಗ ಹೀಗೇ. ಜನ ಬಂದರೆ ಮಂಚದಡಿ."

ಆ ಬೆಂಜಮಿನ್ ನನ್ನ ಗಂಡ. ಈಗ ದೋಹಾದಲ್ಲಿದ್ದಾನೆ, ಮಂಚದಡಿಗಿಂತ ಅದು ಸುರಕ್ಷಿತ.

ಹತ್ತನೆಯ ದಿನ ಲೀನಾ ಬರೆದಿದ್ದಳು: "ಇಟ್ಟ ದಾಸವಾಳ ಮೂರು. ತಿಂದದ್ದು ಸೊನ್ನೆ. ಎತ್ತಿದವರು ಹದಿನಾಲ್ಕು."

ಬಸ್ಸಿನಲ್ಲಿ ನಿಂತುಕೊಂಡೇ ಬಂದ ಆ ಸಂಜೆ ನಾನು ಅತ್ತೆಯನ್ನು ಕೇಳಿಯೇಬಿಟ್ಟೆ. "ಮುಟ್ಟಬೇಡಿ ಅಂತ ಬಂದವರಿಗೆ ಹೇಳಬಾರದಾ?"

"ಹೇಗೆ ಹೇಳುವುದು? ಬಿಸ್ಕತ್ತು ತಂದಿರ್ತಾರೆ. ಆದಿತ್ಯವಾರ ಇಗರ್ಜಿಯಲ್ಲಿ ಅವರ ಮುಖ ನೋಡುವುದು ಬೇಡವಾ?"

ನಾನು ಲ್ಯಾಬಿನ ವಿದ್ಯೆ ಬಳಸಿದೆ. 'ಆಮೆಯ ಮೈಯಲ್ಲಿ ರೋಗಾಣು ಇರಬಹುದು, ಮುಟ್ಟಿದವರು ಸೋಪಿನಲ್ಲಿ ಕೈ ತೊಳೆಯಬೇಕು' ಎಂದು ಬರೆದು ಬಾಗಿಲಿಗೆ ಅಂಟಿಸಿದೆ. ಸರ್ವೋತ್ತಮ ಕನ್ನಡಕ ಹಾಕಿ ಪೂರ್ತಿ ಓದಿದರು, ಮೆಚ್ಚಿದರು, ಕೈ ತೊಳೆದುಕೊಂಡು ಬಂದು ಆಮೆಯನ್ನು ಎತ್ತಿದರು. ಅದಕ್ಕೆಂದೇ ತಂದಂತೆ ಬೇಬಿ ಸೋಪು ಅಲ್ಲೇ ಇತ್ತು.

ಲೀನಾ ನೋಟ್‌ಬುಕ್ ಮುಚ್ಚಿಟ್ಟಳು. ಅಳಲಿಲ್ಲ. ಊಟಕ್ಕೆ ಕೂತಾಗ ಕೇಳಿದಳು.

"ಅಜ್ಜಿ, ನಾನು ಹುಟ್ಟಿದಾಗಲೂ ಇಷ್ಟು ಜನ ಎತ್ತಿದ್ದರಾ?"

"ನಾನು ಎಲ್ಲಿ ಬಿಟ್ಟೆ? ನೀನು ಊರಿಗೆಲ್ಲ ಕೇಳುವ ಹಾಗೆ ಕಿರುಚುತ್ತಿದ್ದೆ. ಮಗು ಮಲಗಿದೆ ಅಂತ ಗೇಟಿನಿಂದಲೇ ಕಳಿಸ್ತಿದ್ದೆ."

"ಇದಕ್ಕೆ ಕಿರುಚಲಿಕ್ಕೆ ಬರುವುದಿಲ್ಲ ಅಜ್ಜಿ."

ಅತ್ತೆ ಸಾರಿನ ಸೌಟನ್ನು ಪಾತ್ರೆಯಲ್ಲಿ ಸುಮ್ಮನೆ ಎರಡು ಸಲ ತಿರುಗಿಸಿದರು.

ಮರುದಿನ ಅಂಬಲಪಾಡಿಯಿಂದ ಅತ್ತೆಯ ಗೆಳತಿ ಮೇಬಲ್ ಆಂಟಿ ರಿಕ್ಷಾ ಮಾಡಿಕೊಂಡು ಬಂದರು. ಅತ್ತೆ ಗೇಟಿನ ಚಿಲಕದ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು. "ಮಗು ಮಲಗಿದೆ."

ಈ ಮಾತಿಗೆ ನಮ್ಮ ಕಡೆ ಎದುರುತ್ತರವಿಲ್ಲ. ಮೇಬಲ್ ಆಂಟಿ ದನಿ ತಗ್ಗಿಸಿ, ಪ್ಯಾಕೆಟನ್ನು ಕಂಪೌಂಡಿನ ಮೇಲಿಟ್ಟು, ಚಪ್ಪಲಿ ಸದ್ದಾಗದಂತೆ ಹಿಂದಿರುಗಿದರು. ಮುಂದೆ ಬಂದವರೂ ಅಷ್ಟೇ. ವಾರದೊಳಗೆ ಆಮೆ ತಲೆ ಹೊರಗೆ ಹಾಕಿತು. ಅದರ ಮರುವಾರ ಲೀನಾಳ ಕೈಯಿಂದ ದಾಸವಾಳದ ಎಸಳು ಕಚ್ಚಿತು.

ಮಸ್ಕತ್‌ಗೆ ಹೊರಡುವ ಮುನ್ನಾದಿನ ಜಮಾಲುದ್ದೀನ್ ಬಂದರು. ಅತ್ತೆ ಅವರನ್ನೂ ಗೇಟಿನಲ್ಲೇ ತಡೆದರು.

"ಬಾಯಮ್ಮ, ಅದನ್ನು ಕೊಟ್ಟದ್ದೇ ನಾನು."

"ಆದರೆ ಎಂತ? ಈಗಷ್ಟೇ ಮಲಗಿದ್ದು."

ಅವರು ಕಂಪೌಂಡಿನ ಮೇಲಿಂದ ಇಣುಕಿದರು. ಜಗಲಿಯಲ್ಲಿ ಲೀನಾ ನೆಲಕ್ಕೆ ಕೂತಿದ್ದಳು. ಅವಳ ಎರಡೂ ಅಂಗೈಗಳ ಮೇಲೆ, ನೆಲದಿಂದ ಸರಿಯಾಗಿ ಒಂದು ಗೇಣು ಎತ್ತರದಲ್ಲಿ, ಆಮೆ ಕತ್ತು ಚಾಚಿ ದಾಸವಾಳ ಜಗಿಯುತ್ತಿತ್ತು.

"ಹೌದು, ಒಳ್ಳೆಯ ನಿದ್ದೆ," ಎಂದು ಜಮಾಲುದ್ದೀನ್ ಪಿಸುಗುಟ್ಟಿದರು. "ಆಮೆ ಬರುವುದಿಲ್ಲ ಅಂತ ಕಾಪುವಿನ ಅಕ್ಕನಿಗೆ ಫೋನ್ ಮಾಡ್ತೇನೆ."

ಬಿಸ್ಕತ್ತಿನ ಪ್ಯಾಕೆಟನ್ನು ಕಂಪೌಂಡಿನ ಮೇಲಿಟ್ಟು ಹೋದರು.